ಹತ್ತಿರ ಹೋಗುವುದಕ್ಕಿರುವ ಮಾತುಗಳು

ನಾನು ಇಂಗ್ಲಿಷ್ ಕಲಿತದ್ದು ಎಸ್.ಎಸ್.ಸಿ.ವರೆಗೆ. ಮುಂದೆ ಗುಮಾಸ್ತಿಕೆಗೆ ಅಷ್ಟು ಸಾಕಾಯಿತು. ಆಗ ಬಾಯಿಪಾಠ ಮಾಡಿದ ಪದಗಳಲ್ಲಿ ಎಷ್ಟೋ ಮರೆತುಹೋಗಿವೆ. ಒಂದು ಕ್ರಿಯಾಪದ ಮಾತ್ರ ಇವತ್ತಿಗೂ ಯಾವುದಾದರೂ ಕಾಗದದಲ್ಲಿ ಕಣ್ಣಿಗೆ ಬಿದ್ದರೆ, ಹಿರಿಯರು ಒಳಗೆ ಬಂದಾಗ ಆಗುವಂತೆ, ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತೇನೆ. ಅಪ್ರೋಚ್ ಎಂಬುದು ಆ ಪದ. ಹತ್ತಿರ ಹೋಗು, ಸಮೀಪಿಸು ಎಂದು ನಾವು ಅರ್ಥ ಬರೆದುಕೊಂಡಿದ್ದೆವು.

ಅದನ್ನು ಕಲಿಸಿದ ಮಾಸ್ತರರು ಧಾರವಾಡದ ಕಡೆಯವರು. ಮುಚ್ಚುಕೋಟು, ಕರಿ ಟೊಪ್ಪಿಗೆ, ಧೋತರ. ಸಿರಸಿಯ ಮಳೆಗೆ ಅವರ ಧೋತರ ವರ್ಷದಲ್ಲಿ ಆರು ತಿಂಗಳು ಒಣಗುತ್ತಿರಲಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಬೈಯುತ್ತಿದ್ದರು, ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡುತ್ತಿದ್ದರು. ನಾನು ಕಾನಸೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆಂದು ಸಿರಸಿಗೆ ಬಂದದ್ದು ೧೯೫೬ರಲ್ಲಿ. ನಾವು ಶಾಲೆ ಸೇರಿದಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ದೀಪಾವಳಿ ಕಳೆಯುವಷ್ಟರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ನಮ್ಮ ಹೊಟ್ಟೆಯ ವಿಷಯದಲ್ಲಿ ಏನೂ ಬದಲಾಗಲಿಲ್ಲ.

ಮಾಸ್ತರರು ಕ್ರಿಯಾಪದಗಳನ್ನು ಹಲಗೆಯ ಮೇಲೆ ಬರೆದು ಕಲಿಸುತ್ತಿರಲಿಲ್ಲ, ನಡೆಸಿ ಕಲಿಸುತ್ತಿದ್ದರು. ತಮ್ಮ ಕುರ್ಚಿಯ ಮೇಲೆ ಒಬ್ಬ ಹುಡುಗನನ್ನು ಕೂರಿಸುವುದು, ಬಾಗಿಲಿನಿಂದ ಇನ್ನೊಬ್ಬನನ್ನು ಅವನ ಕಡೆ ಕಳಿಸುವುದು.

“ಕುರ್ಚಿಮ್ಯಾಲೆ ಕುಂತಾಂವ ಇವತ್ತು ಮಾಮಲೇದಾರ. ನೀ ಅವನ್ನ ರೀಚ್ ಮಾಡು.”

ಹುಡುಗ ಹೋಗಿ ಕುರ್ಚಿಯ ಕೈ ಮುಟ್ಟಿದ.

“ಮುಗೀತು. ರೀಚ್ ಅಂದ್ರ ಮುಟ್ಟಿದಿ, ಕೆಲಸ ಮುಗೀತು. ಈಗ ಅಡ್ವಾನ್ಸ್ ಮಾಡು.”

ಹುಡುಗ ಮುಂದೆ ನಡೆದ.

“ಏ, ಹಿಂಗ ಹ್ವಾದ್ರ ಮದಿವಿಗೆ ಹೋದಂಗಾತು. ಅಡ್ವಾನ್ಸ್ ಅಂದ್ರ ದಂಡು ಬಂದಂಗ ಬರಬೇಕು. ಎದಿ ಉಬ್ಬಿಸು.”

ಹೀಗೆ ಡ್ರಾ ನಿಯರ್ ಎಂದರೆ ಸಂಜೆ ಕವಿದಂತೆ, ತಾನಾಗಿ ನಡೆಯದೆ ಯಾರೋ ಎಳೆದುಕೊಂಡಂತೆ ಬರುವುದು. ಅಕಾಸ್ಟ್ ಎಂದರೆ ಗುರುತಿಲ್ಲದವನ ಎದುರು ಹೋಗಿ ನಿಂತು ಬಾಯಿ ತೆಗೆಯುವುದು. ಒಂದೊಂದಕ್ಕೂ ಒಂದು ನಡಿಗೆ. ನಮಗೆ ಅದು ಆಟ. ಆದರೆ ಅಪ್ರೋಚ್ ಬಂದಾಗ ಆಟ ನಿಂತಿತು. ಮೊದಲನೆಯವನು ಕುರ್ಚಿಯ ಹತ್ತಿರ ಹೋಗಿ ನಿಂತ. “ಹೆಚ್ಚಾತು, ಹಿಂದ ಸರಿ” ಎಂದರು. ಇನ್ನೊಬ್ಬ ನಡುವೆಯೇ ನಿಂತ. “ಕಡಿಮಿ ಆತು” ಎಂದರು.

ನನ್ನ ಕೋಣೆಯ ಗೆಳೆಯ, ಯಲ್ಲಾಪುರದ ಕಡೆಯವನು, ಕೂತಲ್ಲಿಂದಲೇ ಕೇಳಿದ: “ಹಂಗಾರೆ ಎಲ್ಲಿ ನಿಲ್ಲವು ಸರ್?”

ಮಾಸ್ತರರು ಹೇಳಿದರು: “ಎಲ್ಲಿ ನಿಂತ್ರ ಕುಂತಾಂವಗ ಬಾ ಅನ್ನಾಕೂ ಆಗಬೇಕು, ಬ್ಯಾಡ ಅನ್ನಾಕೂ ಆಗಬೇಕು, ಅಲ್ಲಿ ನಿಲ್ಲು. ಅದು ಅಪ್ರೋಚ್.”

ಒಂದು ಪದದೊಳಗೆ ಅಷ್ಟು ಜಾಗ ಇರಬಹುದು, ಅದರಲ್ಲಿ ಇಬ್ಬರು ಮನುಷ್ಯರು ನಿಲ್ಲಬಹುದು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅವರು ಮಳೆ ಅಪ್ರೋಚ್ ಮಾಡುತ್ತದೆ, ಪರೀಕ್ಷೆ ಮಾಡುತ್ತದೆ, ಸಾವೂ ಮಾಡುತ್ತದೆ ಎಂದರು. “ಯಾವುದೂ ಇನ್ನೂ ಬಂದಿಲ್ಲ. ಆದ್ರ ಮನಿಯಾಗ ಎಲ್ಲಾರೂ ಎದ್ದು ಕುಂತಾರ.” ಪ್ರತಿಯೊಬ್ಬನೂ ಆ ಪದ ಹಾಕಿ ಒಂದು ವಾಕ್ಯ ತರಬೇಕು, ಅದು ತನ್ನ ಮೈಮೇಲೆ ನಡೆದದ್ದಾಗಿರಬೇಕು ಎಂಬುದು ಅವರ ಕಟ್ಟಳೆ. ಒಬ್ಬ ಹುಲಿ ತನ್ನನ್ನು ಸಮೀಪಿಸಿತು ಎಂದು ಬರೆದು ತಂದ.

“ಬಂದಿತ್ತೇನೋ?”

“ಇಲ್ಲೆ ಸರ್.”

“ಹುಲಿಗೂ ಒಂದು ರುಚಿ ಅಂತ ಇರ್ತದ. ಕೂಡು.”

ವಾರಗಳು ಕಳೆದರೂ ಯಾರ ವಾಕ್ಯವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ನನ್ನ ಹತ್ತಿರ ಒಂದು ವಾಕ್ಯ ಇತ್ತು. ಆದರೆ ಅದನ್ನು ಓದಲು ನಾಚಿಕೆಯಾಗುತ್ತಿತ್ತು, ಯಾಕೆಂದರೆ ಅದು ಅನ್ನದ ವಿಷಯ.

ಆಗ ಹಳ್ಳಿಯಿಂದ ಓದಲು ಬಂದ ಬಡವರ ಮಕ್ಕಳು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದೊಂದು ದಿನ ಒಂದೊಂದು ಮನೆಯವರು ಹುಡುಗನನ್ನು ಕರೆದು ಉಣಿಸುತ್ತಿದ್ದರು. ವಾರ ಕೇಳಲು ಹೋಗುವುದಕ್ಕೂ ಒಂದು ರೀತಿ ಇತ್ತು. ಮಿಂದು, ಒಗೆದ ಪಂಚೆ ಉಟ್ಟು, ಅಂಗಳದಲ್ಲಿ ನಿಲ್ಲಬೇಕು. ಜಗುಲಿ ಹತ್ತಬಾರದು. ಊರು, ಗೋತ್ರ ಹೇಳಬೇಕು. ಮಾಸ್ತರರು ಹೇಳಿದ ಜಾಗ ಅದೇ, ಬಾ ಎನ್ನಲೂ ಬೇಡ ಎನ್ನಲೂ ಆಗುವ ಜಾಗ. ಅಲ್ಲಿ ನಿಂತು ನಿಂತು ನನಗೆ ಆರು ದಿನ ಸಿಕ್ಕಿದ್ದವು. ಗುರುವಾರ ಸಿಕ್ಕಿರಲಿಲ್ಲ. ಗುರುವಾರ ಬೆಳಿಗ್ಗೆ ನೆನೆಸಿದ ಅವಲಕ್ಕಿ, ರಾತ್ರಿ ನೀರು.

ಗೆಳೆಯನಿಗೆ ಗುರುವಾರದ ಮನೆ ಇತ್ತು. ಆ ಮನೆಯ ಯಜಮಾನ ವಕೀಲರೊಬ್ಬರ ಗುಮಾಸ್ತ, ಮಕ್ಕಳಿಲ್ಲ. ಆ ಮನೆಯ ಹೆಂಗಸನ್ನು ನಾವು ಅತ್ತೆ ಎನ್ನುತ್ತಿದ್ದೆವು. ನಮ್ಮ ಮನೆಮಾತಿನಲ್ಲಿ ಹೆಂಗಸರನ್ನು ಅದು, ಬಂತು, ಹೋಯಿತು ಎಂದೇ ಹೇಳುವುದು, ಅದರಲ್ಲಿ ಅಗೌರವವಿಲ್ಲ. ಬಡಿಸುವಾಗ ಹುಡುಗನ ಮುಖ ನೋಡುತ್ತಿರಲಿಲ್ಲವಂತೆ, ಎಲೆ ಮಾತ್ರ ನೋಡುತ್ತಿತ್ತಂತೆ. ಕೇಳುವ ಮೊದಲೇ ಅನ್ನ ಬಂದು ಬೀಳುತ್ತಿತ್ತಂತೆ. ಗೆಳೆಯ ಅಲ್ಲಿ ಉಂಡು ಬರುವಾಗ ನನಗೆಂದು ಕೇಳಿ ಎರಡು ಬಾಳೆಹಣ್ಣು ತರುತ್ತಿದ್ದ. ಅದನ್ನು ತಿನ್ನುತ್ತ ನನಗೆ ಕೃತಜ್ಞತೆ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಬರುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ಅವನ ತಾಯಿಗೆ, ನಮ್ಮ ಮಾತಿನಲ್ಲಿ ಆಯಿಗೆ, ಜ್ವರ ಎಂದು ಸುದ್ದಿ ಬಂತು. ಅವನು ಯಲ್ಲಾಪುರದ ಬಸ್ಸು ಹತ್ತುವಾಗ ನನಗೆ ಹೇಳಿದ: “ಈ ಗುರುವಾರ ಅತ್ತೆ ಮನೆಗೆ ನೀನೇ ಹೋಗು. ಆನು ಕಳ್ಸಿದ್ದೆ ಹೇಳು.”

ನಾನು ಹೋದೆ. ಅಂಗಳದಲ್ಲಿ ನಿಂತೆ. ಅತ್ತೆ ಹೊರಗೆ ಬಂದು, ನಾನು ಬಾಯಿ ತೆರೆಯುವ ಮೊದಲೇ, “ಬಾ ತಮಾ, ಎಲೆ ಹಾಕಿದ್ದು” ಎಂದಿತು. ಆ ದಿನ ನಾನು ಉಂಡ ಊಟವನ್ನು ಬಣ್ಣಿಸಲಾರೆ. ಕೈ ತೊಳೆದು ಹೊರಡುವಾಗ ಅತ್ತೆ ಕೇಳಿತು: “ಅಂವ ಯಾವಾಗ ಬತ್ನಡ?”

ನನ್ನ ಬಾಯಿಗೆ ಎಲ್ಲಿಂದ ಬಂತೋ, “ಅವರಿಗೆ ಸೂತಕ ಬಂಜಡ” ಎಂದುಬಿಟ್ಟೆ, ಅವರ ಮನೆತನಕ್ಕೆ ಸೂತಕ ಬಂದಿದೆಯಂತೆ ಎಂದು.

ಸಾವಿನ ಸೂತಕ ಇದ್ದವನು ಬೇರೆಯವರ ಮನೆಯಲ್ಲಿ ಉಣ್ಣಲು ಕೂರುವಂತಿಲ್ಲ. ದಾಯಾದಿಗಳಲ್ಲಿ ಎಲ್ಲಿಯೋ ಯಾರೋ ಮುದುಕರು ತೀರಿಕೊಂಡರೂ ಹತ್ತು ದಿನ. ನಾನು ಲೆಕ್ಕ ಹಾಕಿದ್ದು ಅಷ್ಟೇ: ಮುಂದಿನ ಗುರುವಾರವೂ ನನ್ನದಾಗುತ್ತದೆ. ಯಾರೋ ಒಬ್ಬ ಹೆಸರಿಲ್ಲದ ಮುದುಕನನ್ನು ಮನಸ್ಸಿನಲ್ಲಿ ಕೊಂದಿದ್ದೆ, ಯಾರಿಗೂ ನೋವಾಗದ ಹಾಗೆ. ಅವನ ಆಯಿಯ ಜ್ವರವನ್ನೂ ಈ ಸೂತಕವನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಹೊಳೆಯಲೇ ಇಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಶಾಲೆಗೆ ಮೊದಲು ನಾನು ಆ ಮನೆಯ ನಡುಮನೆಯಲ್ಲಿ ಎಲೆಯ ಮುಂದೆ ಕೂತಿದ್ದೆ. ಸೌತೆಕಾಯಿ ಹುಳಿ ಕಲಸಿಕೊಂಡಿದ್ದೆ. ಅಂಗಳದಿಂದ “ಅತ್ತೇ” ಎಂಬ ದನಿ ಕೇಳಿಸಿತು. ಗೆಳೆಯನ ದನಿ.

ಆಮೇಲೆ ತಿಳಿದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಯಿಯ ಜ್ವರ ಇಳಿದಿದೆ ಎಂದು ಅವನು ಮನೆಯಿಂದ ಹೊರಟಿದ್ದ. ದಾರಿಯಲ್ಲಿ ಸೋಂದೆಯ ಸೋದರಮಾವನ ಮನೆಯಲ್ಲಿ ಎರಡು ದಿನ ಉಳಿದು, ಅಂದು ಬೆಳಗಿನ ಬಸ್ಸಿಗೆ ಸಿರಸಿಗೆ ಬಂದು, ಹಸಿದು ನೇರ ಇಲ್ಲಿಗೇ ಬಂದಿದ್ದ.

ಅತ್ತೆ ಬಾಗಿಲಿಗೆ ಹೋಯಿತು. “ಓ, ತಮಾ. ಅಲ್ಲೇ ನಿತ್ಕ. ಮೇಲೆ ಹತ್ತಡ.”

“ಎಂತಕ್ಕೆ ಅತ್ತೆ?”

“ಸೂತಕ ಕಳೀದೆ ಎಂತಕ್ಕೆ ಬಂದೆ? ಯಾರು ಹೋದ್ದು ಮಾರಾಯಾ?”

ಬಹಳ ಸಣ್ಣ ದನಿಯಲ್ಲಿ, ತನಗೋ ಎಂದು ಕೇಳಿದ: “ಯಂಗೆ ಸೂತಕವಾ?”

“ನಿಂಗೆ ಗೊತ್ತಿಲ್ಲೆಯಾ?”

“ಆಯಿಯಾ?” ಎಂದ ಅವನು.

ಅತ್ತೆ ಏನು ಹೇಳಬೇಕು? ಅದಕ್ಕೆ ಏನೂ ಗೊತ್ತಿರಲಿಲ್ಲ. ಚೀಲವೋ ಏನೋ ಅಂಗಳದಲ್ಲಿ ಬಿದ್ದ ಸದ್ದು. ಓಡುವ ಹೆಜ್ಜೆಗಳ ಸದ್ದು. “ತಮಾ, ನಿಲ್ಲಾ, ತಮಾ” ಎಂದು ಅತ್ತೆ ಕರೆದದ್ದು.

ಬಾಗಿಲು ಅಲ್ಲೇ ಇತ್ತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಏಳಲಿಲ್ಲ. ನಮ್ಮಲ್ಲಿ ಊಟದ ನಡುವೆ ಎದ್ದರೆ ಆ ಎಲೆಗೆ ಮತ್ತೆ ಕೈ ಹಾಕುವಂತಿಲ್ಲ, ಊಟ ಅಲ್ಲಿಗೆ ಮುಗಿಯಿತು. ಎಷ್ಟೋ ವರ್ಷ ನನಗೆ ನಾನು ಹೇಳಿಕೊಂಡ ಕಾರಣ ಅದು: ಊಟದ ನಡುವೆ ಏಳಬಾರದೆಂಬ ನಿಯಮ. ಸೂತಕದ ಸುಳ್ಳನ್ನು ಹಸಿದ ಹುಡುಗನ ಸುಳ್ಳೆಂದು ದೇವರು ಮನ್ನಿಸಬಹುದು. ಹಾಗೆ ಕೂತೇ ಇದ್ದದ್ದನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಅತ್ತೆ ಒಳಗೆ ಬರಲಿಲ್ಲ. ಅವನ ಹಿಂದೆಯೇ ಹೋಯಿತು. ದೇವಸ್ಥಾನ ಬಿಟ್ಟರೆ ಒಂಟಿಯಾಗಿ ಎಲ್ಲಿಗೂ ಹೋಗದ ಹೆಂಗಸು, ಅಡಿಗೆಯ ಸೀರೆಯಲ್ಲಿಯೇ, ಪೇಟೆಯ ನಡುವೆ, ಬಸ್‌ಸ್ಟ್ಯಾಂಡಿನವರೆಗೆ ಹೋಯಿತು. ನಾನು ಎಲೆಯ ಮುಂದೆ ಕೂತಿದ್ದೆ. ಕೈಗೆ ಹತ್ತಿದ ಅನ್ನ ಒಣಗಿ ಬೆರಳುಗಳು ಬಿಗಿದುಕೊಂಡವು. ತಿರುಗಿ ಬಂದಾಗ ಅತ್ತೆಗೆ ಏದುಸಿರು.

“ಬಸ್ಸು ಹೊರಟಿತ್ತು. ಕೈ ಮಾಡ್ದೆ. ಕಂಡಕ್ಟರ ನೋಡಿದ್ನಿಲ್ಲೆ.”

ಗೋಡೆಗೊರಗಿ ಕೂತಿತು. ಮೊದಲ ಸಲ ನನ್ನ ಮುಖ ನೋಡಿತು.

“ಸೂತಕದ ಸುದ್ದಿ ನಿಂಗೆ ಯಾರು ಹೇಳಿದ್ದು?”

“ಯಾರೋ ಹೇಳ್ದಂಗಿತ್ತು.”

“ಅವನ ಆಯಿಗೆ ಜ್ವರ ಹೇಳದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಬೈದಿದ್ದರೆ ನಾನು ಅತ್ತು ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ. ಅದು ಬೈಯಲಿಲ್ಲ. ಎದ್ದು ಮಜ್ಜಿಗೆ ತಂದಿತು. “ಉಂಡ್ಕಂಡು ಏಳು” ಎಂದಿತು. ನಾನು ಉಂಡೆ.

ಅವನು ತಿರುಗಿ ಬರುವವರೆಗೆ ನಾನು ಹೇಗೆ ಬದುಕಿದ್ದೆ ಎಂದು ಹೇಳಲು ಬರುವುದಿಲ್ಲ. ನನ್ನ ಸುಳ್ಳು ನಿಜವಾಗಿಬಿಟ್ಟಿದ್ದರೆ ಎಂಬ ಯೋಚನೆ ಒಂದು ಕಡೆ. ನಿಜವಾಗಿದ್ದರೆ ಆಗ ನಾನು ಹೇಳಿದ್ದು ಸುಳ್ಳಾಗುವುದಿಲ್ಲವಲ್ಲ ಎಂಬ ಇನ್ನೊಂದು ಯೋಚನೆ ಬಂದು, ಅದಕ್ಕೇ ಹೆದರಿದ್ದೆ. ಅವನು ಬಂದ. ಆಯಿ ಬದುಕಿತ್ತು. ದೇವಸ್ಥಾನದ ದಾರಿಯಲ್ಲಿ ಅವನನ್ನು ಕಂಡು ಅತ್ತೆ ತಾನಾಗಿ ನಿಂತು ಹೇಳಿತ್ತಂತೆ, ತಪ್ಪು ತನ್ನದು, ಬೇರೆ ಯಾರದೋ ಸುದ್ದಿಯನ್ನು ಅವನದೆಂದು ತಿಳಿದುಕೊಂಡೆ ಎಂದು.

ಕೋಣೆಯಲ್ಲಿ ಅವನು ಅಂಗಿ ಬಿಚ್ಚುತ್ತ ಹೇಳಿದ: “ಆ ಅತ್ತೆಗೆ ತಲೆ ಸಮ ಇಲ್ಲೆ. ಬದುಕಿದ್ದವ್ರ ಸಾಯಿಸ್ತು. ಇನ್ನು ಆ ಮನೆ ಮೆಟ್ಲು ಹತ್ತತ್ನಿಲ್ಲೆ. ಬೇಕಾರೆ ಆ ವಾರ ನೀ ತಗ.”

ನಾನು ತಗೊಂಡೆ. ಹೀಗೆ ಗುರುವಾರ ನನಗೆ ಸಿಕ್ಕಿತು, ಅದರ ಯಜಮಾನನೇ ಕೊಟ್ಟದ್ದು.

ಆ ವಾರದಲ್ಲಿಯೇ ಮಾಸ್ತರರು ಮತ್ತೆ ಅಪ್ರೋಚಿಗೆ ಬಂದರು. “ಯಾರರೆ ತಂದೀರೇನು?” ಎಂದು ಕೇಳಿದರು. ಗೆಳೆಯ ಎದ್ದು ನಿಂತ. ಕಾಗದ ಇರಲಿಲ್ಲ. ಇಂಗ್ಲಿಷಿನಲ್ಲಿ ಮೆಲ್ಲಗೆ ಒಂದು ವಾಕ್ಯ ಹೇಳಿದ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಮನೆಯನ್ನು ಸಮೀಪಿಸುತ್ತ, ಒಳಗೆ ಯಾರಾದರೂ ಅಳುತ್ತಿದ್ದಾರೆಯೋ ಎಂದು ಕಿವಿಗೊಟ್ಟೆ.”

ಹಿಂದಿನ ಬೆಂಚಿನ ಪುಂಡರಿಗೂ ಏನೋ ತಾಕಿತ್ತು. ಮಾಸ್ತರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಕೇಳಿದರು: “ಅಳತಿದ್ರೇನಪಾ?”

“ಇಲ್ಲೆ ಸರ್.”

“ದೇವರು ದೊಡ್ಡಾಂವ” ಎಂದರು. ಆಮೇಲೆ ಇಂಗ್ಲಿಷಿನಲ್ಲಿ ಅವನಿಗೆ ಏನೋ ಹೇಳಿದರು, ಅದು ನನಗೆ ಅರ್ಥವಾಗಲಿಲ್ಲ. ಆ ವರ್ಷ ಆ ಪದವನ್ನು ಮತ್ತೆ ಅವರು ಎತ್ತಲಿಲ್ಲ.

ಎಂಬತ್ತು ದಾಟಿದ ಮೇಲೂ ನನಗೆ ಆ ವಾಕ್ಯದ ಬೆರಗು ಹೋಗಿಲ್ಲ. ಅದಾದ ಮೇಲೆ ನಾನು ಕಥೆ, ಕಾದಂಬರಿ ಎಂದು ಏನೇನೋ ಓದಿದ್ದೇನೆ. ಅಷ್ಟು ಸಣ್ಣ ಮಾತಿನಲ್ಲಿ ಅಷ್ಟು ಉದ್ದದ ದಾರಿಯನ್ನು ಯಾರೂ ನಡೆಸಿದ್ದು ಕಂಡಿಲ್ಲ. ಬಸ್ಸಿಳಿದು ಅವನು ಕಾಡಿನ ದಾರಿ ಹಿಡಿದದ್ದು, ಮನೆಯ ಮಾಡು ಕಂಡದ್ದು, ಕಾಲು ಮುಂದೆ ಹೋಗದೆ ಕಿವಿ ಮಾತ್ರ ಮುಂದೆ ಹೋದದ್ದು, ಎಲ್ಲವೂ ಅದರೊಳಗಿತ್ತು. ಆ ದಾರಿಗೆ ಅವನನ್ನು ನೂಕಿದವನು ನಾನು, ಪಕ್ಕದ ಬೆಂಚಿನಲ್ಲಿ ಕೂತು ಬೆರಗುಪಡುತ್ತಿದ್ದೆ. ಆಗ ಎದ್ದು ಹೇಳಬಹುದಿತ್ತು. ಆಗಲೂ ಏಳಲಿಲ್ಲ.

ಮುಂದೆ ಎಸ್.ಎಸ್.ಸಿ. ಮುಗಿಯುವವರೆಗೆ ಪ್ರತಿ ಗುರುವಾರ ಆ ಮನೆಯಲ್ಲಿ ಉಂಡೆ. ಅವನು ಗುರುವಾರ ಅವಲಕ್ಕಿ ತಿಂದ. ನಾನು ಅವನಿಗೆ ಬಾಳೆಹಣ್ಣು ತಂದರೆ, “ಆ ಮನೇದು ಬೇಡ” ಎನ್ನುತ್ತಿದ್ದ. ಅತ್ತೆ ಒಂದು ದಿನವೂ ಆ ಮಾತೆತ್ತಲಿಲ್ಲ. ಊಟದ ಕೊನೆಗೆ ಮಜ್ಜಿಗೆ ಬಡಿಸಿ, ಪಾತ್ರೆ ಕೆಳಗಿಟ್ಟು, ಎದುರಿಗೆ ಕೂರುತ್ತಿತ್ತು. “ಇನ್ನೆಂತಾರೂ ಇದ್ದಾ ತಮಾ?” ಎಂದು ಕೇಳುತ್ತಿತ್ತು. “ಎಂತ ಇಲ್ಲೆ, ಸಾಕು” ಎನ್ನುತ್ತಿದ್ದೆ. ಇನ್ನೂ ಸ್ವಲ್ಪ ಹೊತ್ತು ಕೂತು, ಆಮೇಲೆ ಪಾತ್ರೆ ಎತ್ತಿಕೊಂಡು ಏಳುತ್ತಿತ್ತು. ಅದು ಊಟದ ಉಪಚಾರ ಎಂದು ಆಗ ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಒಬ್ಬ ಹೆಂಗಸು ತನ್ನ ತಲೆಯ ಮೇಲೆ ಹಾಕಿಕೊಂಡ ತಪ್ಪನ್ನು ನಾನಾಗಿ ಒಪ್ಪಿಕೊಳ್ಳಲೆಂದು ವಾರಕ್ಕೊಮ್ಮೆ ನನ್ನೆದುರು ಬಂದು ಕೂರುತ್ತಿತ್ತು, ಕೈ ಹಿಡಿದು ಎಳೆಯದೆ, ಬಾಗಿಲು ಮುಚ್ಚದೆ.

ಶಾಲೆ ಮುಗಿಯಿತು. ನನಗೆ ಸಿದ್ದಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಗೆಳೆಯ ಯಲ್ಲಾಪುರದ ಆಚೆ ತನ್ನ ಊರಿನ ಪ್ರಾಥಮಿಕ ಶಾಲೆಗೆ ಮಾಸ್ತರನಾದ. ನನ್ನ ಕೆಲಸದಲ್ಲಿ ಆ ಪದ ದಿನಕ್ಕೊಂದು ಸಲವಾದರೂ ಎದುರಾಗುತ್ತಿತ್ತು. ಅರ್ಜಿದಾರರು ಇಂಥ ಕಚೇರಿಯನ್ನು ಅಪ್ರೋಚ್ ಮಾಡತಕ್ಕದ್ದು ಎಂದು ಇಂಗ್ಲಿಷ್ ಕರಡುಗಳಲ್ಲಿ ಇರುತ್ತಿತ್ತು. ಕನ್ನಡದಲ್ಲಿ ಸಂಪರ್ಕಿಸತಕ್ಕದ್ದು ಎಂದು ಬರೆಯುತ್ತಿದ್ದೆವು. ಸಂಪರ್ಕಿಸಲು ಬಂದವರು ದಿನಗಟ್ಟಲೆ ಕಚೇರಿಗೆ ಎಡತಾಕುತ್ತಿದ್ದರು.

ಒಮ್ಮೆ ಒಬ್ಬ ಮುದುಕ ಕೆಲವು ದಿನಗಳಿಂದ ಕಚೇರಿಯ ಜಗುಲಿಗೆ ಬಂದು ನಿಂತು, ಸಂಜೆ ಹಾಗೆಯೇ ಹೋಗುತ್ತಿದ್ದುದನ್ನು ಕಂಡೆ. ಕರೆದು, ಏನು ಬೇಕೆಂದು ಕೇಳಿದೆ. ಸಣ್ಣ ಕೆಲಸ, ಒಂದು ಸಹಿಯದು.

“ಮೊದ್ಲೇ ಯಾಕೆ ಕೇಳಲಿಲ್ಲ?”

“ನಿಮ್ಮ ಮುಖ ಕಂಡ್ರೆ ಹತ್ರ ಬರೂಕೆ ಹೆದ್ರಿಕೆ ಒಡೆಯಾ” ಎಂದ. ನಗುತ್ತಲೇ ಹೇಳಿದ. ಪಕ್ಕದ ಮೇಜಿನವರೂ ನಕ್ಕರು.

ನಾನು ನಗಲಿಲ್ಲ. ಸಹಿ ಮಾಡಿಸಿ ಕಳಿಸಿದೆ. ಆಮೇಲೆ ಕೆಲಸ ಸಾಗಲಿಲ್ಲ. ಅತ್ತೆಯ ಮುಖ ಎದುರಿಗೆ ಬಂತು. ತನ್ನ ಹತ್ತಿರ ಬರಲು ಒಬ್ಬ ಸುಳ್ಳುಗಾರನಿಗೂ ಹೆದರಿಕೆಯಾಗಬಾರದೆಂದು ಅದು ಮುಖವನ್ನು ಹೇಗೆ ಇಟ್ಟುಕೊಂಡಿತ್ತು ಎಂಬುದು ಅಷ್ಟು ವರ್ಷಗಳ ಮೇಲೆ, ಆ ಮಧ್ಯಾಹ್ನ, ನನಗೆ ಕಂಡಿತು.

ಯಲ್ಲಾಪುರಕ್ಕೆ ಹೊರಟೆ. ಮೊದಲ ಸಲ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಬಂದ ಬಸ್ಸಿಗೇ ತಿರುಗಿದೆ. ಎರಡನೆಯ ಸಲ ಅವನ ಊರಿನ ದಾರಿಯಲ್ಲಿ ಅರ್ಧ ಹೋಗಿ, ಒಂದು ಕಲ್ಲಿನ ಮೇಲೆ ಕೂತು, ತಿರುಗಿದೆ. ಮತ್ತೊಂದು ರವಿವಾರ ಮನೆಯ ಅಂಗಳದವರೆಗೆ ಹೋಗಿ ನಿಂತೆ. ತಿರುಗಬೇಕು ಎನ್ನುವಷ್ಟರಲ್ಲಿ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಹಣ್ಣು ಮುದುಕಿ ತಲೆ ಎತ್ತಿತು.

“ಯಾರದು? ಅಲ್ಲಿ ಎಂತಕ್ಕೆ ನಿಂತ್ಯ? ಮೇಲೆ ಬಾ.”

ನಾನು ಯಾರೆಂದು ಹೇಳಿದೆ. ಗೆಳೆಯ ಪಕ್ಕದ ಮನೆಗೆ ಹೋಗಿದ್ದ. ಆಯಿ ನೀರು ಬೆಲ್ಲ ತಂದಿಟ್ಟು ಮಾತಿಗೆ ಕೂತಿತು.

“ಸಿರ್ಸಿಲಿ ಇವನ ಸಂತಿಗೆ ಇದ್ದ ಮಾಣಿಯಾ ನೀನು? ಹಂಗಾರೆ ನಿಂಗೆ ಗೊತ್ತಿಕ್ಕು. ಆನು ಒಂದ್ಸಲ ಸತ್ತು ಬದುಕಿದವಳು.” ಬಂದವರಿಗೆಲ್ಲ ಹೇಳಿ ನಗಿಸುವ ಕಥೆ ಅದು ಎಂದು ಅದರ ದನಿಯಲ್ಲೇ ತಿಳಿಯುತ್ತಿತ್ತು. “ಇಲ್ಲೇ ಕೂತಿದ್ದೆ, ಜ್ವರ ಬಿಟ್ಟು ಮೈ ಎಲ್ಲ ಸುಸ್ತು. ನೋಡ್ತೆ, ಈ ಮಾಣಿ ಅಂಗಳದಲ್ಲಿ ನಿಂತಿದ್ದ. ಬಾರಾ ಅಂದೆ, ಬಂದ್ನಿಲ್ಲೆ. ಎಂತ ಆತಾ ಅಂದೆ, ಬಾಯಿ ಬಿಟ್ಟಿದ್ನಿಲ್ಲೆ. ಯನ್ನನ್ನೇ ನೋಡ್ತಿದ್ದ, ಕಣ್ಣು ಮಿಟುಕಿಸಿದ್ರೆ ಹೋಗ್ಬಿಡ್ತೆ ಅನ್ನ ಹಂಗೆ. ಕಡೆಗೆ ಆನೇ ಇಳಿದು ಹೋಗಿ ಮೈ ಮುಟ್ಟಿದ್ದು. ಮುಟ್ಟಿದ ಮೇಲೆ ಗೊಳೋ ಅಂತ ಅತ್ತ ನೋಡು, ಅಬ್ಬ, ಊರಿಗೆ ಕೇಳವು.”

ಅದು ನಗುತ್ತಿತ್ತು. ನಾನು ಕೈಯಲ್ಲಿದ್ದ ಬೆಲ್ಲವನ್ನು ತಿರುಗಿ ಕೆಳಗಿಟ್ಟೆ.

ಗೆಳೆಯ ಬಂದ. ನನ್ನನ್ನು ಕಂಡು, “ಓಹೋ, ಸರಕಾರ ಬೈಂದು” ಎಂದು ಛೇಡಿಸಿದ. ಆಯಿ ಒಳಗೆ ಹೋದ ಮೇಲೆ ಹೇಳಿದೆ. ಮೊದಲಿನಿಂದ ಹೇಳಿದೆ. ಎಲೆಯ ಮುಂದೆ ಕೂತಿದ್ದನ್ನೂ ಹೇಳಿದೆ. ಅವನು ಹುಣಸೆಯ ಒಂದು ಬೀಜವನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ.

“ಆ ದಿನ ಎಂತ ಅಡಿಗೆ?”

“ಸೌತೆಕಾಯಿ ಹುಳಿ.”

“ರುಚಿ ಇತ್ತಾ?”

“ನೀ ಬಪ್ಪವರೆಗೆ ಇತ್ತು.”

ಅವನು ಬೀಜವನ್ನು ಅಂಗಳಕ್ಕೆ ಎಸೆದ. ಆಮೇಲೆ ಅವನ ದನಿ ಗಟ್ಟಿಯಾಯಿತು. “ಹೇಳಿ ನೀ ಹಗುರಾದೆ. ಯಂಗೆ ಎಂತ ಆತು ಗೊತ್ತಿದ್ದಾ? ಆ ಅತ್ತೆ ದಾರೀಲಿ ಸಿಕ್ಕಿರೆ ಮುಖ ತಿರುಗಿಸಿ ಹೋಗಿದ್ದೆ. ಒಂದ್ಸಲ ಅಲ್ಲ. ದೇವಸ್ಥಾನದಲ್ಲಿ ಪ್ರಸಾದ ಕೊಡಲೆ ಬಂದ್ರೆ ಕೈ ಹಿಂದೆ ಇಟ್ಕಂಡಿದ್ದೆ. ಅದು ಕೈ ಚಾಚಿ ನಿಂತೇ ಇತ್ತು. ಅದನ್ನ ಎಲ್ಲಿ ಇಡ್ಲಿ ಆನು ಈಗ?”

ನನ್ನ ತಪ್ಪಿನ ಅಳತೆ ನನಗೆ ಗೊತ್ತಿದೆ ಎಂದುಕೊಂಡೇ ಬಂದಿದ್ದೆ. ನಾನು ಬಾಯಿ ಮುಚ್ಚಿ ಕೂತಿದ್ದ ವರ್ಷಗಳಲ್ಲಿ ಒಬ್ಬ ಒಳ್ಳೆಯವನು ಒಬ್ಬ ಒಳ್ಳೆಯ ಹೆಂಗಸಿಗೆ ಮುಖ ತಿರುಗಿಸುತ್ತ ನಡೆದಿದ್ದ ಎಂಬುದು ನನ್ನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಆ ರಾತ್ರಿ ಅಲ್ಲಿ ಉಳಿಯಲು ಅವನು ಹೇಳಲಿಲ್ಲ, ಆಯಿ ಹೇಳಿತು. ಬೆಳಿಗ್ಗೆ ಅವನು ಶಾಲೆಗೆ ರಜೆ ಹಾಕಿ ಸಿರಸಿಗೆ ಹೊರಟ. ಯಲ್ಲಾಪುರದವರೆಗೆ ಜೊತೆಗೆ ನಡೆದು ಬಂದೆವು.

“ಆನೂ ಬತ್ತೆ” ಎಂದೆ.

“ಬೇಡ” ಎಂದು ಬಸ್ಸು ಹತ್ತಿದ.

ಸಿದ್ದಾಪುರಕ್ಕೆ ಹೋಗಲು ನನಗೂ ಅದೇ ಬಸ್ಸು. ಹತ್ತಲಿಲ್ಲ. ಇಡೀ ದಿನ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ಒಂದೊಂದು ಬಸ್ಸು ಬಂದಾಗಲೂ ಎದ್ದು ನಿಂತೆ. ಬಿಸಿಲು ಇಳಿಯುವ ಹೊತ್ತಿಗೆ ಅವನು ಇಳಿದ. ಕಣ್ಣು ಕೆಂಪಾಗಿದ್ದವು.

“ಇನ್ನೂ ಇಲ್ಲೇ ಇದ್ಯಾ?”

“ಅತ್ತೆ ಎಂತ ಹೇಳ್ತು?”

“ಯಂಗೆ ಹೇಳಿದ್ದು ನಿಂಗೆ ಎಂತಕ್ಕೆ?” ಎಂದ. ಮತ್ತೆ, “ನಿನ್ನ ಸುದ್ದಿ ಬಂದಾಗ ಒಂದೇ ಮಾತು ಕೇಳ್ತು. ಅಂವ ತಾನಾಗಿ ಹೇಳಿದ್ನಾ, ನೀ ಕೇಳಿದ್ದಕ್ಕೆ ಹೇಳಿದ್ನಾ?”

“ನೀ ಎಂತ ಅಂದೆ?”

“ತಾನಾಗಿ ಬಂದು ಹೇಳ್ದ, ಅಂದೆ. ಅದಕ್ಕೆ ಸಾಕಾತು. ಎದ್ದು ಒಳಗೆ ಹೋಗಿ ಅಡಿಗೆಗೆ ಇಟ್ತು.”

ಅವನು ಚೀಲ ಹೆಗಲಿಗೆ ಹಾಕಿಕೊಂಡ. ಹೋಗುವ ಮೊದಲು ರಸ್ತೆಯನ್ನೇ ನೋಡುತ್ತ ಹೇಳಿದ: “ಮನೆಗೆ ಬಾ ಹೇಳ್ತ್ನಿಲ್ಲೆ. ಬಂದ್ರೆ ಬೇಡ ಹೇಳೂ ಹೇಳ್ತ್ನಿಲ್ಲೆ.”

ಅಷ್ಟು ಹೇಳಿ ನಡೆದ. ಅವನು ಪೇಟೆ ದಾಟುವವರೆಗೆ ನಿಂತಿದ್ದೆ. ಆಮೇಲೆ ಹಿಂದೆ ಹೊರಟೆ. ಕೂಗಿದರೆ ಕೇಳಿಸುವಷ್ಟು ದೂರ ಬಿಟ್ಟು ನಡೆದೆ. ಅವನು ತಿರುಗಿ ನೋಡಲಿಲ್ಲ. ಏರು ಬಂದಲ್ಲಿ ಮಾತ್ರ ನಡಿಗೆ ನಿಧಾನ ಮಾಡಿದ.